ಡಿಫಾಲ್ಟ್ ಯಾರ ಇಷ್ಟ?

ಕಂಟ್ರೋಲ್-ಸಿ ಒತ್ತಿದರೆ ಏನಾಗುತ್ತೆ? ಕಾಪಿ ಆಗುತ್ತೆ, ಅದನ್ನೇನು ಕೇಳೋದು ಅಂತೀರಿ. ಆದರೆ ಅದೇ ಕೀಯನ್ನ ಲಿನಕ್ಸ್ ಟರ್ಮಿನಲ್‌ನಲ್ಲಿ ಒತ್ತಿ ನೋಡಿ, ಓಡುತ್ತಿರೋ ಪ್ರೋಗ್ರಾಂ ಅಲ್ಲೇ ನಿಂತುಹೋಗುತ್ತೆ. ಎಮ್ಯಾಕ್ಸ್ ಅನ್ನೋ ಎಡಿಟರ್‌ನಲ್ಲಿ ಒತ್ತಿದರೆ ಏನೂ ಆಗಲ್ಲ, "ಸರಿ, ಮುಂದೆ?" ಅನ್ನೋ ಹಾಗೆ ಅದು ಇನ್ನೊಂದು ಕೀಗೆ ಕಾಯುತ್ತಾ ಕೂರುತ್ತೆ. ಹಳೇ ವರ್ಡ್‌ಸ್ಟಾರ್‌ನಲ್ಲಿ ಒತ್ತಿದವರಿಗೆ ಪರದೆ ಒಂದು ಪುಟ ಕೆಳಗೆ ಸರಿಯುತ್ತಿತ್ತು. ಒಂದೇ ಕೀ, ನಾಲ್ಕು ಅರ್ಥ. ಇದರಲ್ಲಿ ಯಾವುದು ಸರಿ?

ನಾಲ್ಕೂ ಸರಿ. ಪ್ರತಿಯೊಂದೂ ಯಾವುದೋ ಊರಿನ, ಯಾವುದೋ ಟೇಬಲ್ ಮೇಲಿದ್ದ ಯಂತ್ರಕ್ಕೆ, ಅದರ ಮುಂದೆ ಕೂತಿದ್ದ ಮನುಷ್ಯನ ಕೈಗೆ ಸರಿಹೊಂದಲಿ ಅಂತ ಮಾಡಿದ್ದು. ಆ ಯಂತ್ರಗಳು ಗುಜರಿಗೆ ಹೋದವು, ಶಾರ್ಟ್‌ಕಟ್‌ಗಳು ಉಳಿದವು. ನಾವು ಅವನ್ನ "ಡಿಫಾಲ್ಟ್" ಅಂತ ಕರೆದು, ಕಂಪ್ಯೂಟರ್ ಹುಟ್ಟಿದಾಗಿನಿಂದ ಹಾಗೇ ಇತ್ತೇನೋ ಅನ್ನೋ ಹಾಗೆ ಒಪ್ಪಿಕೊಂಡಿದ್ದೀವಿ. ಟೆಕ್ಸ್ಟ್ ಎಡಿಟರ್‌ನ ಸೆಟ್ಟಿಂಗ್ಸ್ ಬದಲಾಯಿಸೋದು ಏನೋ ಗೀಳು, ಟೈಂಪಾಸ್ ಅಂತ ಅಂದುಕೊಳ್ಳೋರಿಗೆ ಈ ಇತಿಹಾಸ ಗೊತ್ತಿದ್ದರೆ ಒಳ್ಳೇದು.

ಮೊದಲು ವಿಐ ಕಥೆ. ಈ ಎಡಿಟರ್‌ನಲ್ಲಿ ಕರ್ಸರ್ ಓಡಾಡಿಸೋಕೆ ಬಾಣದ ಕೀಗಳಲ್ಲ, ಎಚ್, ಜೆ, ಕೆ, ಎಲ್ ಅನ್ನೋ ನಾಲ್ಕು ಅಕ್ಷರ. ಹೊಸಬರಿಗೆ ಇದು ಸೀನಿಯರ್‌ಗಳು ಮಾಡೋ ರ‍್ಯಾಗಿಂಗ್ ಥರ ಕಾಣುತ್ತೆ. ನಿಜವಾದ ಕಾರಣ ತುಂಬಾ ಸರಳ. 1976ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬಿಲ್ ಜಾಯ್ ಅನ್ನೋ ಸ್ನಾತಕೋತ್ತರ ವಿದ್ಯಾರ್ಥಿ ಇದನ್ನ ಬರೆಯೋಕೆ ಶುರು ಮಾಡಿದಾಗ ಅವರ ಮುಂದಿದ್ದದ್ದು ಲಿಯರ್ ಸೀಗ್ಲರ್ ಕಂಪನಿಯ ಎಡಿಎಂ-3ಎ ಅನ್ನೋ ಟರ್ಮಿನಲ್. ಅದರಲ್ಲಿ ಬಾಣಗಳಿಗೆ ಬೇರೆ ಕೀ ಇರಲಿಲ್ಲ, ಎಚ್-ಜೆ-ಕೆ-ಎಲ್ ಕೀಗಳ ಮೇಲೇ ಬಾಣಗಳನ್ನ ಅಚ್ಚು ಹಾಕಿದ್ದರು. ಜಾಯ್ ಕೀಬೋರ್ಡ್ ಮೇಲೆ ಕಂಡದ್ದನ್ನೇ ಬಳಸಿದರು, ಅಷ್ಟೇ.

ಅದೇ ಕೀಬೋರ್ಡ್‌ನಲ್ಲಿ ಎಸ್ಕೇಪ್ ಕೀ ಇದ್ದದ್ದು ಇವತ್ತು ಟ್ಯಾಬ್ ಇರೋ ಜಾಗದಲ್ಲಿ, ಕ್ಯೂ ಅಕ್ಷರದ ಪಕ್ಕದಲ್ಲೇ. ವಿಐನಲ್ಲಿ ಮತ್ತೆಮತ್ತೆ ಎಸ್ಕೇಪ್ ಒತ್ತಬೇಕಾಗುತ್ತಲ್ಲ, ಆಗ ಅದಕ್ಕೆ ಕಿರುಬೆರಳು ಒಂಚೂರು ಸರಿದರೆ ಸಾಕಿತ್ತು. ಇವತ್ತು ನಮ್ಮ ಲ್ಯಾಪ್‌ಟಾಪ್‌ನಲ್ಲಿ ಅದು ಮೇಲಿನ ಮೂಲೆಗೆ ಹೋಗಿ ಕೂತಿದೆ. ಯುನಿಕ್ಸ್‌ನಲ್ಲಿ ಹೋಂ ಫೋಲ್ಡರ್‌ಗೆ ಟಿಲ್ಡ, ಅಂದರೆ ಆ ಅಲೆಯಂಥ ಗೆರೆ, ಬಳಸ್ತೀವಲ್ಲ? ಎಡಿಎಂ-3ಎಯಲ್ಲಿ ಟಿಲ್ಡ ಮತ್ತು "ಹೋಂ" ಎರಡೂ ಒಂದೇ ಕೀ ಮೇಲಿದ್ದವು.

ವಿಐನ ಕಮಾಂಡ್‌ಗಳು ಒಂದೊಂದೇ ಅಕ್ಷರದ್ದಾಗಿರೋಕೂ ಕಾರಣ ಇದೆ. ಜಾಯ್ ಮನೆಯಿಂದ 300 ಬಾಡ್ ಮೋಡೆಮ್ ಮೂಲಕ ಕೆಲಸ ಮಾಡ್ತಿದ್ದರು. ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. 24 ಸಾಲು, ಸಾಲಿಗೆ 80 ಅಕ್ಷರ ಅಂತ ಲೆಕ್ಕ ಹಾಕಿದರೆ ಪರದೆಗೆ 1,920 ಅಕ್ಷರ. ಇಡೀ ಪರದೆ ಒಂದು ಸಲ ತುಂಬೋಕೆ ಒಂದು ನಿಮಿಷದ ಮೇಲೆ ಬೇಕು. ನಾಯಿಪಾಡು ಅಲ್ವಾ? ಅಂಥ ಲೈನ್‌ನಲ್ಲಿ ಪದೇಪದೇ ಮೆನು ತೋರಿಸೋಕೆ ಆಗಲ್ಲ. ಪರದೆ ಮೇಲೆ ಆದಷ್ಟು ಕಡಿಮೆ ಬರೆಯಬೇಕು, ಬಳಸೋನೂ ಆದಷ್ಟು ಕಡಿಮೆ ಟೈಪ್ ಮಾಡಬೇಕು. ಆ ಬಡತನದ ಲೆಕ್ಕಾಚಾರ ಇವತ್ತು ಫೈಬರ್ ಲೈನ್ ಇರೋ ನಮ್ಮ ಕೈಗೆ ವೇಗವಾಗಿ ಕಾಣುತ್ತೆ. ಜಿಮೇಲ್‌ನಲ್ಲಿ ಶಾರ್ಟ್‌ಕಟ್ ಆನ್ ಮಾಡಿದರೆ ಮೇಲ್‌ಗಳ ನಡುವೆ ಕೆಳಗೆ ಹೋಗೋಕೆ ಜೆ, ಮೇಲೆ ಬರೋಕೆ ಕೆ. ವಿಐ ಹೆಸರೇ ಕೇಳದವರ ಬೆರಳೂ ಎಡಿಎಂ-3ಎ ಹಾದಿಯಲ್ಲೇ ಓಡಾಡ್ತಿದೆ.

ಈ ಡಿಫಾಲ್ಟ್‌ಗಳು ಬೇಡ ಅನ್ನಿಸಿದರೆ ಬದಲಾಯಿಸೋಕೂ ವಿಐನಲ್ಲಿ ದಾರಿ ಇತ್ತು: ಒಂದು ಕೀಗೆ ಬೇರೆ ಕೆಲಸ ಕೊಡೋ "ಮ್ಯಾಪ್" ಕಮಾಂಡ್, ಅದನ್ನ ಉಳಿಸಿಡೋಕೆ ಹೋಂ ಫೋಲ್ಡರ್‌ನಲ್ಲಿ "ಡಾಟ್ ಇಎಕ್ಸ್ಆರ್‌ಸಿ" ಅನ್ನೋ ಫೈಲ್. ಕೊನೆಯ ಆ "ಆರ್‌ಸಿ" ಇನ್ನೂ ಹಳೇದು. 1960ರ ದಶಕದಲ್ಲಿ ಎಂಐಟಿಯ ಸಿಟಿಎಸ್ಎಸ್ ಅನ್ನೋ ವ್ಯವಸ್ಥೆಯಲ್ಲಿ ಒಂದಷ್ಟು ಕಮಾಂಡ್‌ಗಳನ್ನ ಸಾಲಾಗಿ ಓಡಿಸೋ "ರನ್‌ಕಾಮ್" ಅಂತ ಇತ್ತು. ಅದರ ಮೊಟಕು ರೂಪ ಇವತ್ತಿನ ವಿಮ್‌ಆರ್‌ಸಿ, ಬ್ಯಾಶ್‌ಆರ್‌ಸಿಗಳಲ್ಲಿ ಉಳಿದುಕೊಂಡಿದೆ.

ಮುಂದಿರೋ ಚುಕ್ಕಿಯ ಕಥೆ ಇನ್ನೂ ಮಜಾ. ಯುನಿಕ್ಸ್ ಕಟ್ಟಿದವರ ಜೊತೆ ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸ ಮಾಡಿದ ರಾಬ್ ಪೈಕ್ ಇದನ್ನ ಬರೆದಿದ್ದಾರೆ. ಫೈಲ್‌ಗಳ ಪಟ್ಟಿ ತೋರಿಸೋ ಕಮಾಂಡ್‌ನಲ್ಲಿ ಒಂದು ಚುಕ್ಕಿ (ಇರೋ ಫೋಲ್ಡರ್), ಎರಡು ಚುಕ್ಕಿ (ಮೇಲಿನ ಫೋಲ್ಡರ್) ಅನ್ನೋ ಹೆಸರುಗಳು ಕಾಣಬಾರದು ಅಂತ ಯಾರೋ ಒಂದು ಸಣ್ಣ ಪರೀಕ್ಷೆ ಸೇರಿಸಿದರು. ಅವಸರದಲ್ಲಿ ಅದು "ಚುಕ್ಕಿಯಿಂದ ಶುರುವಾಗೋ ಎಲ್ಲವನ್ನೂ ಬಿಡು" ಅಂತ ಆಯ್ತು. ಹಾಗೆ ಹುಟ್ಟಿದ ಮರೆಯಲ್ಲಿ ಜನ ತಮ್ಮ ಸೆಟ್ಟಿಂಗ್ಸ್ ಫೈಲ್‌ಗಳನ್ನ ಇಡೋಕೆ ಶುರು ಮಾಡಿದರು. ಇವತ್ತು ಪ್ರೋಗ್ರಾಮರ್‌ಗಳು ಹೆಮ್ಮೆಯಿಂದ ಗಿಟ್‌ಹಬ್‌ನಲ್ಲಿ ಹಂಚಿಕೊಳ್ಳೋ "ಡಾಟ್‌ಫೈಲ್ಸ್" ಇವೇ.

ಇಲ್ಲಿಯವರೆಗಿನದು ಒಬ್ಬ ಮನುಷ್ಯ, ಅವನ ಯಂತ್ರ, ಅವನ ಇಷ್ಟದ ಕಥೆ. ಎಲ್ಲರೂ ಹೀಗೆ ತಮ್ಮ ತಮ್ಮ ಇಷ್ಟದಂತೆ ಮಾಡಿಕೊಂಡರೆ ಏನಾಗುತ್ತೆ? ಅದಕ್ಕೆ ಎಂಐಟಿಯ ಕೃತಕ ಬುದ್ಧಿಮತ್ತೆ ಲ್ಯಾಬ್‌ಗೆ ಹೋಗಬೇಕು.

ಅಲ್ಲಿ ಬಳಕೆಯಲ್ಲಿದ್ದ ಎಡಿಟರ್ ಟೆಕೊ. 1960ರ ದಶಕದ ಶುರುವಿನಲ್ಲಿ ಡ್ಯಾನ್ ಮರ್ಫಿ ಬರೆದದ್ದು, ಹೆಸರಿನ ಮೊದಲ ಅಕ್ಷರ ಕಾಗದದ ಟೇಪ್‌ನದು. 1970ರ ದಶಕದಲ್ಲಿ ರಿಚರ್ಡ್ ಸ್ಟಾಲ್ಮನ್ ಅದಕ್ಕೊಂದು ದೊಡ್ಡ ಬಾಗಿಲು ತೆಗೆದರು. ಕೀಬೋರ್ಡ್‌ನ ಯಾವ ಕೀಗೆ ಬೇಕಾದರೂ ನಿಮ್ಮದೇ ಪುಟ್ಟ ಪ್ರೋಗ್ರಾಂ ಒಂದನ್ನ, ಅಂದರೆ ಮ್ಯಾಕ್ರೋವನ್ನ, ಕಟ್ಟಬಹುದು. ಸ್ವಾತಂತ್ರ್ಯ ಅಂದರೆ ಅದು! ಲ್ಯಾಬ್‌ನ ಜನ ಮುಗಿಬಿದ್ದು ತಮ್ಮ ತಮ್ಮ ಮ್ಯಾಕ್ರೋಗಳನ್ನ ಬರೆದುಕೊಂಡರು.

ಪರಿಣಾಮ? ಪಕ್ಕದವನ ಟರ್ಮಿನಲ್ ಮುಂದೆ ಕೂತರೆ ಯಾವ ಕೀ ಏನು ಮಾಡುತ್ತೆ ಅಂತ ತಿಳಿಯೋದಕ್ಕೇ ಹೊತ್ತು ಹೋಗುತ್ತಿತ್ತು. ನಮ್ಮ ಕಡೆ ಗದ್ದೆ ಕೊಯ್ಯೋರಿಗೆ ಗೊತ್ತಿರುತ್ತೆ, ವರ್ಷಗಟ್ಟಲೆ ಒಬ್ಬರೇ ಬಳಸಿದ ಕುಡುಗೋಲಿನ ಹಿಡಿ ಅವರ ಕೈಗೇ ಸವೆದಿರುತ್ತೆ, ಇನ್ನೊಬ್ಬರಿಗೆ ಕೂರಲ್ಲ. ಆದರೆ ಆ ಲ್ಯಾಬ್‌ನಲ್ಲಿ ಕೆಲಸ ನಡೀತಿದ್ದದ್ದೇ ಒಬ್ಬರ ಕೋಡ್‌ಗೆ ಇನ್ನೊಬ್ಬರು ಕೈ ಹಾಕಿ. ಅಲ್ಲಿ ಹೀಗಾದರೆ ಕಷ್ಟ.

ಗೈ ಸ್ಟೀಲ್ ಅನ್ನೋ ಯುವ ಪ್ರೋಗ್ರಾಮರ್ ಇದನ್ನ ಸರಿಮಾಡೋಕೆ ಇಳಿದರು. ಬೇರೆಬೇರೆ ಮ್ಯಾಕ್ರೋ ಕಟ್ಟುಗಳನ್ನ ಮುಂದಿಟ್ಟುಕೊಂಡು, ಬಳಸೋರ ಅಭಿಪ್ರಾಯ ಕೇಳಿ, ಯಾವ ಕೆಲಸಕ್ಕೆ ಯಾವ ಕೀ ಇರಬೇಕು ಅಂತ ಒಂದು ಒಪ್ಪಿಗೆಯ ಪಟ್ಟಿ ತಯಾರಿಸೋಕೆ ಹೊರಟರು. ಆಮೇಲೆ ಆ ಕೆಲಸವನ್ನ ಸ್ಟಾಲ್ಮನ್ ಕೈಗೆತ್ತಿಕೊಂಡು ಮುಗಿಸಿದರು. 1976ರಲ್ಲಿ ಹೊರಬಂದ ಅದರ ಹೆಸರು ಎಮ್ಯಾಕ್ಸ್, ಅಂದರೆ "ಎಡಿಟಿಂಗ್ ಮ್ಯಾಕ್ರೋಸ್". ಬೇಕಾದ್ದು ಬದಲಾಯಿಸಿಕೊಳ್ಳಿ, ಆದರೆ ಸುಧಾರಣೆಗಳನ್ನ ಎಲ್ಲರಿಗೂ ಸಿಗೋ ಹಾಗೆ ವಾಪಸ್ ಕೊಡಬೇಕು ಅಂತ ಸ್ಟಾಲ್ಮನ್ ಷರತ್ತು ಹಾಕಿದರು. ಮುಂದೆ ಅವರು ಶುರು ಮಾಡಿದ ಮುಕ್ತ ಸಾಫ್ಟ್‌ವೇರ್ ಚಳವಳಿಯ ಒಂದು ಬೇರು ಈ ಷರತ್ತಿನಲ್ಲೂ ಇದೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಭಾಗ 1985ರಲ್ಲಿ ಬಂದ ಗ್ನೂ ಎಮ್ಯಾಕ್ಸ್‌ನ ಒಂದು ಕಟ್ಟಳೆ. ಕಂಟ್ರೋಲ್-ಸಿ ಒತ್ತಿ ಆಮೇಲೆ ಯಾವುದಾದರೂ ಒಂದು ಅಕ್ಷರ ಒತ್ತೋ ಶಾರ್ಟ್‌ಕಟ್‌ಗಳೆಲ್ಲ ಬಳಸೋರಿಗೇ ಮೀಸಲು. ಎಮ್ಯಾಕ್ಸ್‌ಗೆ ಪ್ಯಾಕೇಜ್ ಬರೆಯೋರು ಅದನ್ನ ಮುಟ್ಟಬಾರದು. ಊರಿನ ದಾರಿ ಎಲ್ಲರದು, ಹಿತ್ತಲು ಮನೆಯವರದು ಅನ್ನೋ ಹಾಗೆ. ಶುರುವಿನಲ್ಲಿ ಹೇಳಿದ್ದು ನೆನಪಿದೆಯಾ, ಎಮ್ಯಾಕ್ಸ್‌ನಲ್ಲಿ ಕಂಟ್ರೋಲ್-ಸಿ ಒತ್ತಿದರೆ ಸುಮ್ಮನೆ ಕಾಯುತ್ತೆ ಅಂತ? ಆ ಬಾಗಿಲ ಆಚೆ ನಿಮ್ಮ ಹಿತ್ತಲೂ ಇದೆ.

ಹಾಗಂತ ಎಮ್ಯಾಕ್ಸ್ ಎಲ್ಲರ ಕೈಗೂ ಹಿತ ಅಂತ ಅಲ್ಲ. ಎಡಗೈ ಕಿರುಬೆರಳು ಕಂಟ್ರೋಲ್ ಹುಡುಕಿ ಹುಡುಕಿ ನೋಯೋದಕ್ಕೆ "ಎಮ್ಯಾಕ್ಸ್ ಪಿಂಕಿ" ಅಂತ ಹೆಸರೇ ಬಿದ್ದಿದೆ. ಇಲ್ಲೂ ತಪ್ಪು ಶಾರ್ಟ್‌ಕಟ್‌ನದಲ್ಲ. ಟಾಮ್ ನೈಟ್ 1978ರ ಹೊತ್ತಿಗೆ ಎಂಐಟಿಯ ಲಿಸ್ಪ್ ಯಂತ್ರಗಳಿಗೆ ವಿನ್ಯಾಸ ಮಾಡಿದ ಸ್ಪೇಸ್-ಕೆಡೆಟ್ ಕೀಬೋರ್ಡ್‌ನಲ್ಲಿ ಕಂಟ್ರೋಲ್ ಕೀಗಳು ಸ್ಪೇಸ್‌ಬಾರ್‌ನ ಎರಡೂ ಪಕ್ಕದಲ್ಲಿದ್ದವು, ಹೆಬ್ಬೆರಳಿಗೆ ಸಿಗುತ್ತಿದ್ದವು. ಎಡಿಎಂ-3ಎಯಂಥ ಟರ್ಮಿನಲ್‌ಗಳಲ್ಲಿ ಕಂಟ್ರೋಲ್ ಇದ್ದದ್ದು ಎ ಅಕ್ಷರದ ಪಕ್ಕ, ಇವತ್ತು ಕ್ಯಾಪ್ಸ್‌ಲಾಕ್ ಇರೋ ಕಡೆ. ಆಮೇಲೆ ಪಿಸಿ ಕೀಬೋರ್ಡ್‌ಗಳಲ್ಲಿ ಕ್ಯಾಪ್ಸ್‌ಲಾಕ್ ಬಂದು ಆ ಜಾಗ ಹಿಡಿದು, ಕಂಟ್ರೋಲನ್ನ ಕೆಳಗಿನ ಮೂಲೆಗೆ ತಳ್ಳಿತು. ಕ್ಯಾಪ್ಸ್‌ಲಾಕ್ ಕೀಯನ್ನೇ ಕಂಟ್ರೋಲ್ ಮಾಡಿಕೊಂಡಿರೋ ಸಹೋದ್ಯೋಗಿ ನಿಮ್ಮ ಆಫೀಸಿನಲ್ಲೂ ಒಬ್ಬರು ಇದ್ದೇ ಇರ್ತಾರೆ. ಅವರು ವಿಚಿತ್ರ ಮಾಡ್ತಿಲ್ಲ, ಹಳೇ ಜಾಗವನ್ನ ವಾಪಸ್ ಪಡೀತಿದ್ದಾರೆ.

ಹಾಗಾದರೆ ಕಾಪಿ-ಪೇಸ್ಟ್? ಅದು ಪ್ರೋಗ್ರಾಮರ್‌ಗಳ ಕೈಗೆ ಅಂತ ಹುಟ್ಟಿದ್ದೇ ಅಲ್ಲ. ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಲ್ಯಾಬ್‌ನಲ್ಲಿ ಬ್ರಾವೊ ಅಂತ ಒಂದು ಎಡಿಟರ್ ಇತ್ತು. ವಿಐ ಥರ ಅದರಲ್ಲೂ "ಮೋಡ್"ಗಳು: ಒಂದು ಮೋಡ್‌ನಲ್ಲಿ ಅಕ್ಷರ ಒತ್ತಿದರೆ ಅಕ್ಷರ, ಇನ್ನೊಂದರಲ್ಲಿ ಅದೇ ಅಕ್ಷರ ಒಂದು ಕಮಾಂಡ್. ಇದರ ಅಪಾಯಕ್ಕೆ ಅಲ್ಲಿ ಎಲ್ಲರಿಗೂ ಗೊತ್ತಿದ್ದ ಉದಾಹರಣೆ "ಎಡಿಟ್" ಅನ್ನೋ ಪದ. ಕಮಾಂಡ್ ಮೋಡ್‌ನಲ್ಲಿರೋದು ಮರೆತು ಅದರ ನಾಲ್ಕು ಇಂಗ್ಲಿಷ್ ಅಕ್ಷರ ಟೈಪ್ ಮಾಡಿದರೆ, ಇ ಅಂದರೆ ಎಲ್ಲವನ್ನೂ ಆರಿಸು, ಡಿ ಅಂದರೆ ಅಳಿಸು, ಐ ಅಂದರೆ ಸೇರಿಸು, ಕೊನೆಗೆ ಸೇರೋದು ಟಿ. ಇಡೀ ಡಾಕ್ಯುಮೆಂಟ್ ಹೋಗಿ ಒಂದು "ಟಿ" ಮಾತ್ರ ಉಳಿಯುತ್ತೆ!

ಅಲ್ಲೇ ಕೆಲಸ ಮಾಡ್ತಿದ್ದ ಲ್ಯಾರಿ ಟೆಸ್ಲರ್‌ಗೆ ಮೋಡ್‌ಗಳನ್ನ ಕಂಡರೆ ಆಗುತ್ತಿರಲಿಲ್ಲ. ಎಷ್ಟರಮಟ್ಟಿಗೆ ಅಂದರೆ ಮುಂದೆ ಅವರ ಕಾರಿನ ನಂಬರ್‌ಪ್ಲೇಟೇ "ನೋ ಮೋಡ್ಸ್". 1970ರ ದಶಕದ ಮಧ್ಯಭಾಗದಲ್ಲಿ ಅವರೂ ಟಿಮ್ ಮಾಟ್ ಅವರೂ ಸೇರಿ, ಗಿನ್ ಅನ್ನೋ ಪಠ್ಯಪುಸ್ತಕ ಪ್ರಕಾಶನ ಸಂಸ್ಥೆಗೋಸ್ಕರ ಜಿಪ್ಸಿ ಅನ್ನೋ ಎಡಿಟರ್ ಮಾಡಿದರು. ಹಸ್ತಪ್ರತಿ ತಿದ್ದೋ ಸಂಪಾದಕರು ನಿಜಕ್ಕೂ ಕತ್ತರಿಯಲ್ಲಿ ಕಾಗದ ಕತ್ತರಿಸಿ ಬೇರೆ ಕಡೆ ಅಂಟಿಸುತ್ತಿದ್ದರು. ಕಟ್, ಪೇಸ್ಟ್ ಅಂದರೆ ಅಕ್ಷರಶಃ ಅದೇ. ಟೆಸ್ಲರ್ 1980ರಲ್ಲಿ ಆಪಲ್‌ಗೆ ಹೋದರು. 1983ರ ಲೀಸಾ, 1984ರ ಮ್ಯಾಕಿಂಟಾಷ್ ಕಂಪ್ಯೂಟರ್‌ಗಳ ಜೊತೆ ಝಡ್, ಎಕ್ಸ್, ಸಿ, ವಿ ಜನರ ಕೈಗೆ ಬಂದವು. ಸಿ ಕಾಪಿಯ ಮೊದಲ ಅಕ್ಷರ, ಎಕ್ಸ್ ಅಂದರೆ ಕಾಟು ಹೊಡೆಯೋದು, ವಿ "ಇಲ್ಲಿ ಸೇರಿಸು" ಅಂತ ತೋರಿಸೋ ಗುರುತಿನ ಹಾಗೆ. ನಾಲ್ಕೂ ಕೆಳಸಾಲಿನಲ್ಲಿ ಒಟ್ಟಿಗೆ, ಎಡಗೈಗೆ ಸಿಗೋ ಹಾಗೆ. ಬಲಗೈ ಮೌಸ್ ಮೇಲಿರುತ್ತಲ್ಲ!

ಆದರೂ ಇದು ಒಂದೇ ಏಟಿಗೆ ಜಗತ್ತನ್ನ ಗೆಲ್ಲಲಿಲ್ಲ. 1987ರಲ್ಲಿ ಐಬಿಎಂ ತನ್ನದೇ ಶಿಷ್ಟತೆ ತಂದಿತು: ಕಟ್‌ಗೆ ಶಿಫ್ಟ್-ಡಿಲೀಟ್, ಕಾಪಿಗೆ ಕಂಟ್ರೋಲ್-ಇನ್ಸರ್ಟ್, ಪೇಸ್ಟ್‌ಗೆ ಶಿಫ್ಟ್-ಇನ್ಸರ್ಟ್. ವಿಂಡೋಸ್ ಮೊದಲು ಇದೇ ದಾರಿ ಹಿಡಿದಿತ್ತು. 1992ರ ವಿಂಡೋಸ್ 3.1 ಹೊತ್ತಿಗೆ ಕಂಟ್ರೋಲ್ ಜೊತೆ ಎಕ್ಸ್, ಸಿ, ವಿ ನೆಲೆಯಾದವು. ಈಗಲೂ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಶಿಫ್ಟ್-ಇನ್ಸರ್ಟ್ ಒತ್ತಿ ನೋಡಿ, ಬಹಳಷ್ಟು ಕಡೆ ಪೇಸ್ಟ್ ಆಗುತ್ತೆ.

ನಮ್ಮಂಥ ಬಿ.ಇ. ಹುಡುಗರಿಗೆ ಹತ್ತಿರದ ಕೊಂಡಿ ಇರೋದು ವರ್ಡ್‌ಸ್ಟಾರ್ ಜೊತೆ. 1978ರಲ್ಲಿ ರಾಬ್ ಬಾರ್ನಬಿ ಬರೆದದ್ದು. ಬಾಣದ ಕೀಗಳನ್ನ ನೆಚ್ಚೋಕಾಗದ ಕಾಲ, ಹಾಗಾಗಿ ಕಂಟ್ರೋಲ್ ಜೊತೆ ಇ ಮೇಲೆ, ಎಕ್ಸ್ ಕೆಳಗೆ, ಎಸ್ ಎಡಕ್ಕೆ, ಡಿ ಬಲಕ್ಕೆ. ಕೀಬೋರ್ಡ್ ನೋಡಿದರೆ ಅದು ಸರಿಯಾಗಿ ಒಂದು ವಜ್ರದ ಆಕಾರ. 1983ರಲ್ಲಿ ಬೋರ್ಲ್ಯಾಂಡ್ ಕಂಪನಿ ಟರ್ಬೊ ಪ್ಯಾಸ್ಕಲ್ ತಂದಾಗ, ಜನರಿಗೆ ಅಭ್ಯಾಸ ಆಗಿದೆಯಲ್ಲ ಅಂತ ಅದರ ಎಡಿಟರ್‌ಗೆ ವರ್ಡ್‌ಸ್ಟಾರ್ ಕೀಗಳನ್ನೇ ಕೊಟ್ಟಿತು. ಅದರಿಂದ ಟರ್ಬೊ ಸಿಗೆ ಬಂತು. ಟರ್ಬೊ ಸಿಯಿಂದ ನಮ್ಮ ಕಾಲೇಜ್ ಲ್ಯಾಬ್‌ಗಳ ಆ ನೀಲಿ ಪರದೆಗೆ. ಕಂಟ್ರೋಲ್-ಕೆ-ಬಿ ಒತ್ತಿ ಬ್ಲಾಕ್ ಶುರು, ಕಂಟ್ರೋಲ್-ಕೆ-ಕೆ ಒತ್ತಿ ಕೊನೆ, ಕಂಟ್ರೋಲ್-ಕೆ-ಸಿ ಒತ್ತಿ ಕಾಪಿ. ಸ್ಮಾರ್ಟ್‌ಫೋನ್ ಕಾಲ ಬಂದರೂ ನಾವು ಲ್ಯಾಬ್ ಎಕ್ಸಾಂನಲ್ಲಿ 1978ರ ಟೈಪಿಸ್ಟ್‌ಗಳ ಥರ ಕೋಡ್ ಎಡಿಟ್ ಮಾಡ್ತಿದ್ದೆವು. ಇವತ್ತು ಬಹಳಷ್ಟು ಕಡೆ ರೀಡೂ ಆಗಿರೋ ಕಂಟ್ರೋಲ್-ವೈ, ಅಲ್ಲಿ ಇಡೀ ಸಾಲನ್ನೇ ಅಳಿಸುತ್ತಿತ್ತು.

ಟರ್ಬೊ ಪ್ಯಾಸ್ಕಲ್ ಜೊತೆ "ಟಿನ್‌ಸ್ಟ್" ಅನ್ನೋ ಒಂದು ಪುಟ್ಟ ಪ್ರೋಗ್ರಾಂ ಬರುತ್ತಿತ್ತು. ಎಡಿಟರ್ ಕೀಗಳು ಇಷ್ಟವಿಲ್ಲದಿದ್ದರೆ ಅದರಲ್ಲಿ ಬದಲಾಯಿಸಿಕೊಳ್ಳಬಹುದಿತ್ತು. ಅಂದರೆ 1980ರ ದಶಕದಲ್ಲೂ ಈ ಸ್ವಾತಂತ್ರ್ಯ ಸಾಮಾನ್ಯ ಪಿಸಿ ಬಳಸೋರ ಕೈಯಲ್ಲಿತ್ತು. ನಮ್ಮ ಲ್ಯಾಬ್‌ನಲ್ಲಿ ಮಾತ್ರ ಇಂಥದ್ದೊಂದಿದೆ ಅನ್ನೋ ಸುದ್ದಿಯೇ ಬರಲಿಲ್ಲ. ಡಿಫಾಲ್ಟ್ ಅಂದರೆ ಸಿಲಬಸ್ ಥರ, ಇದ್ದದ್ದನ್ನ ಬಾಯಿಪಾಠ ಮಾಡಬೇಕು ಅಂದುಕೊಂಡೇ ನಾವು ಪಾಸಾದೆವು.

ಎಂಐಟಿಯ ಆ ಗೊಂದಲವನ್ನ ಕನ್ನಡವೂ ಅನುಭವಿಸಿದೆ. 1990ರ ದಶಕದಲ್ಲಿ ಕನ್ನಡ ಟೈಪ್ ಮಾಡೋ ಒಂದೊಂದು ಸಾಫ್ಟ್‌ವೇರ್‌ಗೂ ಒಂದೊಂದು ಕೀಲಿಮಣೆ, ಒಂದೊಂದು ಅಕ್ಷರ ಸಂಕೇತ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗೀಚು. ಡಿಟಿಪಿ ಅಂಗಡಿಯಿಂದ ಡಿಟಿಪಿ ಅಂಗಡಿಗೆ ಹೋದವನ ಬೆರಳು ಮತ್ತೆ ಒಂದನೇ ಕ್ಲಾಸಿಗೆ. ಈ ಕಾಡಿನಲ್ಲಿ ಒಂದು ಚೊಕ್ಕ ದಾರಿ ಹಾಕಿಕೊಟ್ಟವರು ಕೆ.ಪಿ. ರಾವ್. ಕೆ ಒತ್ತಿದರೆ ಕ, ಶಿಫ್ಟ್ ಜೊತೆ ಕೆ ಒತ್ತಿದರೆ ಖ. ಇಂಗ್ಲಿಷ್‌ಗೆ ಬೇಕಾದರೂ ಕನ್ನಡಕ್ಕೆ ಅಷ್ಟಾಗಿ ಬೇಡದ ಕ್ಯೂ, ಡಬ್ಲ್ಯೂ ಕೀಗಳಿಗೆ ಟ, ಡ. ಒತ್ತಕ್ಷರ ಬೇಕಾದಾಗ ನಡುವೆ ಎಫ್. 26 ಕೀಗಳೊಳಗೆ ಇಡೀ ಕಾಗುಣಿತ. ಆ ವಿನ್ಯಾಸದ ಆಧಾರದ ಮೇಲೆ ಕರ್ನಾಟಕ ಸರ್ಕಾರ ಶಿಷ್ಟ ಕೀಲಿಮಣೆಯನ್ನ ಒಪ್ಪಿತು, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಅದನ್ನ ಕಚೇರಿ ಕಚೇರಿಗೆ ತಲುಪಿಸಿತು. ಇವತ್ತು ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ "ಕಗಪ" ಅಂತ ಕಾಣೋದು ಅದೇ. ಇಂಗ್ಲಿಷಿಗೆ ಮಾಡಿದ ಕೀಬೋರ್ಡ್ ಅನ್ನೋ ಡಿಫಾಲ್ಟನ್ನ ನಮ್ಮ ಭಾಷೆಗೆ ಕಸ್ಟಮೈಸ್ ಮಾಡಿ, ಅದನ್ನೇ ಹಂಚಿಕೊಂಡು, ಹೊಸ ಡಿಫಾಲ್ಟ್ ಮಾಡಿದ ಕಥೆ ಇದು.

ಈಗ ನಮ್ಮ ಕಾಲಕ್ಕೆ ಬರೋಣ. 2008ರಲ್ಲಿ ಜಾನ್ ಸ್ಕಿನ್ನರ್ ತಂದ ಸಬ್ಲೈಮ್ ಟೆಕ್ಸ್ಟ್ ಒಂದು ಒಳ್ಳೇ ರೂಢಿಯನ್ನ ಬೆಳೆಸಿತು. ಡಿಫಾಲ್ಟ್ ಸೆಟ್ಟಿಂಗ್ಸ್ ಒಂದು ಫೈಲ್‌ನಲ್ಲಿ, ನಿಮ್ಮವು ಇನ್ನೊಂದರಲ್ಲಿ. ಮೊದಲನೆಯದನ್ನ ಓದಿ, ಎರಡನೆಯದರಲ್ಲಿ ಬರೆಯಿರಿ. ನಿಮಗೆ ಬೇಕಾದ ನಾಲ್ಕು ಸಾಲು ಬರೆದರೆ ಆ ನಾಲ್ಕು ಮಾತ್ರ ಬದಲಾಗುತ್ತೆ, ಉಳಿದದ್ದು ಹಾಗೇ. 2015ರಲ್ಲಿ ಮೈಕ್ರೋಸಾಫ್ಟ್ ತಂದ ವಿಎಸ್ ಕೋಡ್ ಕೂಡ ಇದೇ ದಾರಿ ಹಿಡಿದು ಇನ್ನೊಂದು ಪದರ ಸೇರಿಸಿಕೊಂಡಿತು. ಡಿಫಾಲ್ಟ್, ಅದರ ಮೇಲೆ ಯೂಸರ್, ಅದರ ಮೇಲೆ ವರ್ಕ್‌ಸ್ಪೇಸ್. ವರ್ಕ್‌ಸ್ಪೇಸ್ ಸೆಟ್ಟಿಂಗ್ಸ್ ಪ್ರಾಜೆಕ್ಟ್ ಫೋಲ್ಡರ್‌ನಲ್ಲೇ ಇರುತ್ತೆ, ಗಿಟ್‌ಗೆ ಹಾಕಿದರೆ ಇಡೀ ಟೀಮ್‌ಗೆ ಹೋಗುತ್ತೆ. ಶಾರ್ಟ್‌ಕಟ್‌ಗಳಿಗೆ ಬೇರೆಯೇ ಫೈಲ್. ಪ್ರತಿ ಸಾಲಿನಲ್ಲೂ ಯಾವ ಕೀ, ಯಾವ ಕಮಾಂಡ್, ಬೇಕಿದ್ದರೆ ಯಾವಾಗ. ಆ "ಯಾವಾಗ" ಮುಖ್ಯ. ಒಂದೇ ಕೀ ಎಡಿಟರ್‌ನಲ್ಲಿ ಒಂದು ಕೆಲಸ, ಟರ್ಮಿನಲ್‌ನಲ್ಲಿ ಇನ್ನೊಂದು ಮಾಡಬಹುದು. ಕಂಟ್ರೋಲ್-ಸಿಯ ಹಳೇ ಜಗಳಕ್ಕೆ ಸಿಕ್ಕ ರಾಜಿಪಂಚಾಯ್ತಿ ಅದು.

ಇಲ್ಲೊಂದು ಸಂಬಂಧ ನೋಡಿ. ಟರ್ಬೊ ಪ್ಯಾಸ್ಕಲ್‌ನ ಕಂಪೈಲರ್ ಬರೆದ ಆಂಡರ್ಸ್ ಹೈಲ್ಸ್‌ಬರ್ಗ್ ಆಮೇಲೆ ಮೈಕ್ರೋಸಾಫ್ಟ್ ಸೇರಿ ಟೈಪ್‌ಸ್ಕ್ರಿಪ್ಟ್ ಭಾಷೆಯ ರೂವಾರಿಯಾದರು. ವಿಎಸ್ ಕೋಡ್ ಬರೆದಿರೋದು ಅದೇ ಟೈಪ್‌ಸ್ಕ್ರಿಪ್ಟ್‌ನಲ್ಲಿ. ಅದರಲ್ಲಿ ವಿಮ್, ಎಮ್ಯಾಕ್ಸ್, ಸಬ್ಲೈಮ್ ಕೀಗಳನ್ನ ತರೋ ಎಕ್ಸ್‌ಟೆನ್ಷನ್‌ಗಳೂ ಸಿಗುತ್ತವೆ. ಎಲ್ಲ ಊರಿನವರೂ ತಮ್ಮ ಅಭ್ಯಾಸದ ಗಂಟು ಹೊತ್ತುಕೊಂಡೇ ಅಲ್ಲಿಗೆ ಬಂದು ಸೇರಿದ್ದಾರೆ.

ಐವತ್ತು ವರ್ಷದ ಈ ಕಥೆಯಿಂದ ನಾನು ಕೆಲಸಕ್ಕೆ ಬರೋ ಹಾಗೆ ಎತ್ತಿಕೊಂಡದ್ದು ಎರಡೇ ಮಾತು. ಒಂದು, ಕೈ ನೋಯ್ತಿದ್ದರೆ, ದಿನಕ್ಕೆ ಇಪ್ಪತ್ತು ಸಲ ಒಂದೇ ಕಡೆ ಎಡವುತ್ತಿದ್ದರೆ, ಅದು ನಿಮ್ಮ ಕೈಯ ದೋಷ ಅಲ್ಲ. ಆ ಕೀ ಇನ್ಯಾರದೋ ಟರ್ಮಿನಲ್‌ಗೆ ಅಂತ ಇಟ್ಟದ್ದು. ಧೈರ್ಯವಾಗಿ ಬದಲಾಯಿಸಿ. ಎರಡು, ಬದಲಾಯಿಸೋದು ನಿಮ್ಮ ಪದರದಲ್ಲಿ ಇರಲಿ. ಟ್ಯಾಬ್ ಎಷ್ಟು ಅಗಲ, ಫೈಲ್ ಸೇವ್ ಮಾಡಿದಾಗ ಕೋಡ್ ಹೇಗೆ ಜೋಡಣೆಯಾಗಬೇಕು ಅನ್ನೋದು ಎಲ್ಲರ ಕೋಡನ್ನ ಮುಟ್ಟೋ ವಿಷಯ. ಅದನ್ನ ಟೀಮ್ ಕೂತು ಮಾತಾಡಿ ವರ್ಕ್‌ಸ್ಪೇಸ್‌ಗೆ ಹಾಕಲಿ. ಫಾಂಟ್ ಯಾವುದು, ಕ್ಯಾಪ್ಸ್‌ಲಾಕ್ ಏನು ಮಾಡಬೇಕು ಅನ್ನೋದು ನಿಮ್ಮ ಹಿತ್ತಲು, ಅಲ್ಲಿಗೆ ಯಾರೂ ಬರಬೇಕಿಲ್ಲ. ಪಕ್ಕದವರು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕೂತು ಸಹಾಯ ಮಾಡೋ ಹೊತ್ತಿಗೆ ಡಿಫಾಲ್ಟ್ ಕೀಗಳೂ ಕೆಲಸ ಮಾಡೋ ಹಾಗಿದ್ದರೆ, ಗೈ ಸ್ಟೀಲ್ ಪಟ್ಟ ಪಾಡು ನಿಮ್ಮ ಟೀಮ್ ಪಡಬೇಕಿಲ್ಲ.

ಈ ವಾರ ಪುರುಸೊತ್ತು ಸಿಕ್ಕಾಗ ನಿಮ್ಮ ಎಡಿಟರ್‌ನ ಡಿಫಾಲ್ಟ್ ಶಾರ್ಟ್‌ಕಟ್ ಪಟ್ಟಿ ತೆರೆದು ಒಂದು ಸಲ ಓದಿ. ವಿಎಸ್ ಕೋಡ್ ಆದರೆ ಕಂಟ್ರೋಲ್-ಕೆ, ಆಮೇಲೆ ಕಂಟ್ರೋಲ್-ಎಸ್. ಪಟ್ಟಿ ಉದ್ದ ಇದೆ, ಅದರಲ್ಲಿ ನಿಮಗೆ ಬೇಕಾಗೋದು ಹತ್ತೋ ಹನ್ನೆರಡೋ. ಅಷ್ಟನ್ನ ನಿಮ್ಮ ಬೆರಳಿಗೆ ಹೊಂದಿಸಿಕೊಂಡು, ಯಾಕೆ ಬದಲಾಯಿಸಿದಿರಿ ಅಂತ ಪಕ್ಕದಲ್ಲಿ ಒಂದು ಸಾಲು ಕಾಮೆಂಟ್ ಬರೆದಿಡಿ. ನಾಳೆ ಅದು ಟೀಮ್‌ಗೆ ಹೊಸದಾಗಿ ಸೇರೋ ಹುಡುಗಿಗೋ ಹುಡುಗನಿಗೋ ಉಪಯೋಗಕ್ಕೆ ಬರಬಹುದು.